ಕೊಂದವನೂ ಅವನೇ, ಕಾಯಿ ಒಡೆಸಿಕೊಂಡವನೂ ಅವನೇ

ಪ್ರೀತಿಯ ಪುಟ್ಟಾ,

ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೀನೂ ನಿನ್ನ ಮಾವನೂ ಜಗಳಕ್ಕೆ ಬಿದ್ದದ್ದನ್ನು ಓದಿದೆ. ಇಸ್ಲಾಂ ನಮ್ಮ ಕಡೆ ಬಂದದ್ದು ಬರೀ ಕತ್ತಿಯಿಂದ ಅಂತ ಅವನು. ಎಲ್ಲರೂ ಅಣ್ಣತಮ್ಮಂದಿರ ಹಾಗೆ ಇದ್ದರು ಅಂತ ನೀನು. ಅವನದು ಹೇಳಿದರೆ ಕೇಳುವ ವಯಸ್ಸಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಬೀದರಿನ ಹತ್ತಿರ ಅಷ್ಟೂರು ಇದೆಯಲ್ಲ, ಅಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗೋರಿ ಇದೆ. 1422ರಿಂದ 1436ರವರೆಗೆ ಆಳಿದವನು, ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದವನು. ಇವನು ವಿಜಯನಗರದ ಸೀಮೆಗೆ ನುಗ್ಗಿ ಹೆಂಗಸರು ಮಕ್ಕಳು ಅನ್ನದೆ ಕೊಲ್ಲಿಸಿದ ಅಂತ ಬರೆದವನು ಶತ್ರುವಲ್ಲ, ಮುಂದೆ ವಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ. ಫಿರಿಶ್ತಾನದು ಲೆಕ್ಕ ಉಬ್ಬಿಸುವ ಕೈ, ನಿಜ. ಹಾಗಂತ ಪೂರ್ತಿ ಸುಳ್ಳು ಅಂತ ತಳ್ಳಿಬಿಡಲು ಬರುವುದಿಲ್ಲ.

ಅದೇ ಗೋರಿಯ ಉರುಸಿಗೆ ಆಳಂದ ಕಡೆಯ ಮಾಡಿಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ. ಶಂಖ ಊದಿ, ಕಾಯಿ ಒಡೆದು, ಉರುಸು ನಡೆಸುವವರೇ ಅವರು. ಅಲ್ಲಿಗೆ ಬರುವ ಎಷ್ಟೋ ಭಕ್ತರಿಗೆ ಆ ಸುಲ್ತಾನ ಅಂದರೆ ಅಲ್ಲಮಪ್ರಭು! ಈಗ ಹೇಳು, ಮಾವನ ಮಾತು ಸರಿಯಾ, ನಿನ್ನದಾ? ಕೊಂದವನೂ ಅವನೇ, ಕಾಯಿ ಒಡೆಸಿಕೊಂಡವನೂ ಅವನೇ. ಒಂದನ್ನು ಹೇಳಿ ಇನ್ನೊಂದನ್ನು ನುಂಗಬೇಡ, ನುಂಗಿದರೆ ನಾಳೆ ಯಾರಾದರೂ ಅದನ್ನೇ ಎತ್ತಿ ನಿನ್ನ ಮುಖಕ್ಕೆ ಹಿಡಿಯುತ್ತಾರೆ, ಆಗ ನಿನ್ನ ಬಾಯಲ್ಲಿ ಮಾತಿರುವುದಿಲ್ಲ.

ಹಂಪಿಗೆ ಹೋದಾಗ ವಿರೂಪಾಕ್ಷ, ವಿಠ್ಠಲ ನೋಡಿ ಸೆಲ್ಫಿ ತೆಗೆದು ಬಂದೆಯಲ್ಲ, ಅಹಮದ್ ಖಾನನ ಮಸೀದಿ ನೋಡಿದೆಯಾ? ವಿಜಯನಗರದ ದೊರೆ ಇಮ್ಮಡಿ ದೇವರಾಯನ ಕೈಕೆಳಗಿದ್ದ ಅಧಿಕಾರಿ ಅವನು. 1439ರಲ್ಲಿ ಅದನ್ನು ಕಟ್ಟಿಸಿ, ಇದರ ಪುಣ್ಯ ದೊರೆಗೆ ಸೇರಲಿ ಅಂತ ಶಾಸನ ಹಾಕಿಸಿದ. ಗುಮ್ಮಟ, ಮಿನಾರು ಏನೂ ಇಲ್ಲ, ಕಂಬಗಳ ಮೇಲೆ ಚಪ್ಪಟೆ ಚಾವಣಿ. ದೂರದಿಂದ ನೋಡಿದರೆ ಯಾವುದೋ ಗುಡಿಯ ಮಂಟಪ ಅನ್ನಬೇಕು. ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಪ್ರೀತಿ ಉಕ್ಕಿ ಅಲ್ಲ. ಬಹಮನಿ ದಂಡಿನ ಎದುರು ಸೋತು ಸೋತು, ಅವರ ಬಿಲ್ಲುಗಾರಿಕೆ ನಮಗೂ ಬೇಕು ಅಂತ ಕಂಡುಕೊಂಡದ್ದಕ್ಕೆ. ಅವರಿಗೆ ತಲೆಬಾಗಲು ಮುಜುಗರ ಆಗಬಾರದು ಅಂತ ಸಿಂಹಾಸನದ ಮುಂದೆ ಕುರಾನ್ ಇಡಿಸಿದ ಅಂತಲೂ ಹೇಳುತ್ತಾರೆ. ಕೂಡಿ ಬಾಳುವುದು ಜಾಸ್ತಿ ಸಲ ಹೀಗೇ ಶುರುವಾಗುತ್ತದೆ, ಸಂಬಳದಿಂದ, ಗರಜಿನಿಂದ. ನನಗೆ ಅದರಲ್ಲಿ ಕೀಳೇನೂ ಕಾಣುವುದಿಲ್ಲ.

ವಿಜಯನಗರ ಸೋತ 1565ರ ತಾಳಿಕೋಟೆ ಯುದ್ಧ ಗೊತ್ತೇ ಇದೆ, ಅದನ್ನು ಎಳೆಯುವುದಿಲ್ಲ. ಅದಕ್ಕೆ ಮುಂಚೆ ವಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹ ವಿಜಯನಗರವನ್ನು ನಡೆಸುತ್ತಿದ್ದ ರಾಮರಾಯನ ಮನೆಗೆ ಮಗನ ಹಾಗೆ ಹೋಗಿಬಂದಿದ್ದ, ಆಮೇಲೆ ಎದುರು ನಿಂತ. ಅದರಲ್ಲಿ ಧರ್ಮ ಎಷ್ಟು, ಕೃಷ್ಣಾ ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿನ ಆಸೆ, ಹಳೇ ಅವಮಾನ ಎಷ್ಟು ಅಂತ ನೀನೇ ಓದಿ ನೋಡು.

ಆದರೆ ಧರ್ಮ ಮನೆಯೊಳಗೆ ಬಂದ ದಾರಿಯೇ ಬೇರೆ. ಸುಲ್ತಾನರ ಕಾಲದ ವಿಜಾಪುರದಲ್ಲಿ ಸೂಫಿಗಳು ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ಬೀಸುವ ಪದ, ನೂಲುವ ಪದ ಕಟ್ಟಿದರು, ಚಕ್ಕೀನಾಮಾ, ಚರ್ಖಾನಾಮಾ ಅಂತ. ಹೆಂಗಸರು ಜೋಳ ಬೀಸುತ್ತಾ ಅಲ್ಲಾನ ಹೆಸರು ಹೇಳಿಕೊಳ್ಳುತ್ತಿದ್ದರು, ನಮ್ಮಜ್ಜಿ ಬೀಸುವಾಗ ಮಲ್ಲಯ್ಯನ ಹೆಸರು ಹಾಡುತ್ತಿದ್ದಳಲ್ಲ, ಹಾಗೇ. ಅಲ್ಲಿ ಕತ್ತಿಯೂ ಇಲ್ಲ, ಭಾಷಣವೂ ಇಲ್ಲ. ದಂಡಿನ ಕತೆ ಬರೆದವರು ಇಂಥದ್ದನ್ನು ಬರೆಯಲು ಹೋಗಲಿಲ್ಲ, ಅದಕ್ಕೇ ನಿಮ್ಮ ಜಗಳದಲ್ಲಿ ಇದು ಬರುವುದೇ ಇಲ್ಲ.

ಮಾವ ಮತ್ತೆ ಫಾರ್ವರ್ಡ್ ಕಳಿಸಿದರೆ ಸುಮ್ನೆ ಸಿಟ್ಟಾಗಬೇಡ. ಯಾವ ಊರು, ಯಾವ ವರ್ಷ, ಬರೆದವನು ಯಾರು ಅಂತ ಕೇಳು. ನೀನು ಕಳಿಸುವುದಕ್ಕೂ ಅದೇ ಪ್ರಶ್ನೆ ಹಾಕಿಕೋ. ಅಷ್ಟೂರಿಗೆ ಹೋಗುವುದಾದರೆ ಟಾರ್ಚ್ ಒಯ್ಯು, ಗೋರಿಯ ಒಳಗಿನ ಬಣ್ಣದ ಬರಹ ಕತ್ತಲಲ್ಲಿ ಕಾಣುವುದಿಲ್ಲ. ಮೊದಲೇ ಫೋನ್ ಮಾಡು, ಬೀದರಿನಲ್ಲಿ ನನ್ನ ಗೆಳೆಯನ ಮನೆಯಲ್ಲಿ ಊಟಕ್ಕೆ ಹೇಳಿಡುತ್ತೇನೆ.

ನಿನ್ನ ದೊಡ್ಡಪ್ಪ