ಹಾಡುಗಳಿಗೆ ಮಾರ್ಕ್ಸ್ ಹಾಕುವ ಶನಿವಾರ

ಲೆಸ್ಟರ್
ಇಂಗ್ಲೆಂಡ್, ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ನಮಸ್ಕಾರ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮ ಕಳಿಸಿದ ಹುಳಿಪುಡಿ, ಚಟ್ನಿಪುಡಿ ಎರಡೂ ಬಂದು ಸೇರಿದವು. ಚಳಿ ಶುರುವಾಗಿದೆ, ನಾಲ್ಕೂವರೆಗೆಲ್ಲ ಕತ್ತಲು.

ಅಪ್ಪ, ಹೋದ ಸಲ ಫೋನಿನಲ್ಲಿ ನೀವು ಕೇಳಿದಿರಿ, "ಶನಿವಾರ ಬಂದ್ರೆ ಸಾಕು ಎಲ್ಲಿಗೆ ಹೊರಡ್ತೀಯ? ಹಾಡಿಗೆ ಮಾರ್ಕ್ಸ್ ಹಾಕೋದು ಅಂದ್ರೆ ಏನು?" ಅಂತ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ ಅದು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಬೀದಿಯ ಕೊನೆಯಲ್ಲಿ ಹಳೇ ಗ್ರಾಮಫೋನ್ ರೆಕಾರ್ಡ್ ಮಾರುವ ಅಂಗಡಿ ಇದೆ. ಶನಿವಾರ ಬಾಗಿಲು ಹಾಕಿದ ಮೇಲೆ ಹಿಂದಿನ ಕೋಣೆಯಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದು ನಿವೃತ್ತಿಯಾದ ಒಬ್ಬ ಅಜ್ಜಿ, ಒಬ್ಬ ಬಸ್ ಡ್ರೈವರ್, ಉಗಾಂಡಾದಿಂದ ಬಂದ ಗುಜರಾತಿ ಕಾಕಾ, ಇಬ್ಬರು ಕಾಲೇಜು ಹುಡುಗರು, ಹೀಗೆ. ವಾರಕ್ಕೆ ಒಂದು ದಶಕ. ಬ್ರಿಟನ್ನಿನ ಚಾರ್ಟಿನಲ್ಲಿ, ಅಂದರೆ ವಾರವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ, ಮೇಲೆ ಬಂದ ಹಾಡುಗಳನ್ನು ಅಂಗಡಿಯವರು ಒಂದೊಂದಾಗಿ ಹಾಕುತ್ತಾರೆ. ಹಾಡು ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಹತ್ತಕ್ಕೆ ಎಷ್ಟು ಅಂತ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು. ಚೀಟಿ ಬಿಚ್ಚಿದ ಮೇಲೆ ಜಗಳ ಶುರು. ಒಳ್ಳೇ ಜಗಳ ಅದು, ಮನಸ್ಸಿಗೆ ಖುಷಿ ಕೊಡುವಂಥದ್ದು.

ಚಾರ್ಟ್ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನೀವು ಹಿಂದಿ ಸಿನಿಮಾ ಹಾಡುಗಳ ಬಿನಾಕಾ ಗೀತಮಾಲಾ ಕೇಳಿ ಬೆಳೆದವರು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೊ ಸಿಲೋನ್, ಅಮೀನ್ ಸಯಾನಿಯವರ ದನಿ, ಒಂದೊಂದೇ 'ಪಾಯ್ದಾನ್' (ಮೆಟ್ಟಿಲು) ಹತ್ತಿ ಮೇಲೆ ಬರುವ ಹಾಡು. ವಿಶೇಷ ಏನು ಗೊತ್ತಾ ಅಪ್ಪ? ಗೀತಮಾಲಾ ಶುರುವಾದದ್ದು 1952ರಲ್ಲಿ, ಇಲ್ಲಿನ ಚಾರ್ಟ್ ಶುರುವಾದದ್ದೂ ಅದೇ ವರ್ಷ. ನವೆಂಬರ್ 14ರಂದು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆ ಮೊದಲ ಪಟ್ಟಿ ಅಚ್ಚು ಹಾಕಿತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಅನ್ನುವವರು ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಈ ವಾರ ಯಾವ ರೆಕಾರ್ಡ್ ಜಾಸ್ತಿ ಹೋಯ್ತು ಅಂತ ಕೇಳಿ ಬರೆದುಕೊಂಡರು. ಅಷ್ಟೇ. ಇದ್ದದ್ದು 12 ಸ್ಥಾನ. ಕೆಲವು ಸಮ ಬಂದದ್ದರಿಂದ 15 ಹಾಡು ಪಟ್ಟಿಗೆ ಸೇರಿದವು. ಮೊದಲ ನಂಬರ್ ಒನ್ ಅಮೆರಿಕದ ಅಲ್ ಮಾರ್ಟಿನೊ ಹಾಡಿದ 'ಹಿಯರ್ ಇನ್ ಮೈ ಹಾರ್ಟ್'. ಒಂಬತ್ತು ವಾರ ಕೆಳಗಿಳಿಯಲಿಲ್ಲ.

ಗೀತಮಾಲಾಕ್ಕೆ ಕೇಳುಗರ ಸಂಘದವರು ಕಾರ್ಡ್ ಬರೆಯುತ್ತಿದ್ದರಲ್ಲ, ಇಲ್ಲಿ ಹಾಗಲ್ಲ. ಬಹಳ ಕಾಲ ಮಾರಾಟ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಎಷ್ಟು ಜನ ಕೊಂಡರು ಅನ್ನುವುದು ಚಾರ್ಟಿಗೆ ಗೊತ್ತು, ಹಾಡು ಎಷ್ಟು ಚೆನ್ನಾಗಿದೆ ಅನ್ನುವುದು ಗೊತ್ತಿಲ್ಲ. ನಮ್ಮ ಜಗಳ ಹುಟ್ಟುವುದೇ ಅಲ್ಲಿ. ನನ್ನ ಮಟ್ಟಿಗೆ ಬ್ರಿಟಿಷ್ ಪಾಪ್‌ನ ನಿಜವಾದ ಚರಿತ್ರೆ ಎರಡನೇ ಸ್ಥಾನದಲ್ಲಿದೆ. ಮೊದಲನೇ ಸ್ಥಾನ ಸಿಗದೆ ಹೋದ ಹಾಡುಗಳನ್ನು ಒಟ್ಟು ಮಾಡಿದರೆ ಅದರಂಥ ಪಟ್ಟಿ ಇನ್ನೊಂದಿಲ್ಲ. ಇದನ್ನು ನಾನು ಪ್ರತಿ ವಾರ ಹೇಳುತ್ತೇನೆ, ಪ್ರತಿ ವಾರ ಯಾರಾದರೂ ಎದುರು ಮಾತಾಡುತ್ತಾರೆ.

ಅರವತ್ತರ ದಶಕದ ಸಂಜೆ ಏನಾಯಿತು ಅಂತ ಕೇಳಿ. 1963ರಿಂದ ಬೀಟಲ್ಸ್ ತಂಡ ಏನು ತಂದರೂ ನಂಬರ್ ಒನ್. ಸತತ 11 ಹಾಡು. 1967ರ ಶುರುವಿನಲ್ಲಿ ಅವರು 'ಪೆನಿ ಲೇನ್', 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಎರಡನ್ನೂ ಒಂದೇ ರೆಕಾರ್ಡಿನಲ್ಲಿ ಬಿಟ್ಟರು. ಎರಡನೇ ಸ್ಥಾನಕ್ಕೆ ಬಂದು ನಿಂತಿತು. ಮೇಲೆ ಕೂತಿದ್ದದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ'. ಆರು ವಾರ ಕದಲಲಿಲ್ಲ. ಪಟ್ಟಿಯಲ್ಲಿ ಒಟ್ಟು 56 ವಾರ ಇತ್ತು. ಚಾರ್ಟಿನ ಅತಿ ದೊಡ್ಡ ಅನ್ಯಾಯ ಇದು ಅಂತ ಈ ದೇಶದಲ್ಲಿ ಬಹಳ ಜನ ಹೇಳುತ್ತಾರೆ. ಲೆಸ್ಟರ್‌ನಲ್ಲಿ ಮಾತ್ರ ಹಾಗೆ ಹೇಳಿದರೆ ಸುಮ್ನೆ ಬಿಡುವುದಿಲ್ಲ. ಯಾಕೆಂದರೆ ಎಂಗಲ್‌ಬರ್ಟ್ ಇಲ್ಲಿ ಬೆಳೆದವರು. ಹುಟ್ಟಿದ್ದು ಎಲ್ಲಿ ಗೊತ್ತಾ? ಮದ್ರಾಸಿನಲ್ಲಿ, 1936ರಲ್ಲಿ! ತಂದೆ ಬ್ರಿಟಿಷ್ ಸೇನೆಯಲ್ಲಿದ್ದರು. ಹುಡುಗನಿಗೆ ಹತ್ತು ವರ್ಷ ಆದಾಗ ಮನೆಯವರೆಲ್ಲ ಲೆಸ್ಟರ್‌ಗೆ ಬಂದರು. ಹಾಗೆ ನೋಡಿದರೆ ಬೀಟಲ್ಸ್‌ನಲ್ಲಿ ರಿಂಗೊಗಿಂತ ಮುಂಚೆ ಡ್ರಮ್ ಬಾರಿಸುತ್ತಿದ್ದ ಪೀಟ್ ಬೆಸ್ಟ್ ಹುಟ್ಟಿದ್ದೂ ಮದ್ರಾಸಿನಲ್ಲೇ. ಕ್ಲಿಫ್ ರಿಚರ್ಡ್ ಲಖನೌನವರು.

ಅಜ್ಜಿ 'ರಿಲೀಸ್ ಮಿ'ಗೆ ಹತ್ತಕ್ಕೆ ಹತ್ತು ಕೊಟ್ಟರು. ಆ ವರ್ಷ ಅವರಿಗೆ ಮದುವೆಯ ವಯಸ್ಸು. ಶನಿವಾರ ರಾತ್ರಿ ಡಾನ್ಸ್ ಹಾಲಿನಲ್ಲಿ ಕೊನೆಗೆ ಈ ಹಾಡು ಹಾಕುತ್ತಿದ್ದರಂತೆ. "ಜನ ಪ್ರೀತಿಯಿಂದ ದುಡ್ಡು ಕೊಟ್ಟು ತಗೊಂಡಿದ್ದು ತಪ್ಪಾ?" ಅಂತ ನನ್ನನ್ನೇ ನೋಡಿ ಕೇಳಿದರು. ತಪ್ಪಲ್ಲ. ತುಂಬು ಕಂಠ, ಮಾತು ಸ್ಪಷ್ಟ, ಎಲ್ಲೂ ಅವಸರ ಇಲ್ಲ. ನೀವು ಕೇಳಿದರೆ ನಿಮಗೂ ಹಿಡಿಸುತ್ತದೆ. ನಾನು ಏಳು ಕೊಟ್ಟೆ.

'ಸ್ಟ್ರಾಬೆರಿ ಫೀಲ್ಡ್ಸ್'ಗೆ ಹತ್ತು. ಕಾರಣ ಹೇಳುತ್ತೇನೆ. ಆ ಹಾಡನ್ನು ಎರಡು ರೀತಿ ರೆಕಾರ್ಡ್ ಮಾಡಿದ್ದರು. ಒಂದು ನಿಧಾನ, ಮೆತ್ತಗೆ. ಇನ್ನೊಂದು ಚುರುಕು, ಸೆಲ್ಲೊ, ಟ್ರಂಪೆಟ್ ಎಲ್ಲ ಸೇರಿಸಿದ್ದು. ಎರಡರ ಶ್ರುತಿಯೂ ಬೇರೆ, ಲಯವೂ ಬೇರೆ. ಬೀಟಲ್ಸ್‌ನ ಜಾನ್ ಲೆನನ್‌ಗೆ ಇದರ ಮೊದಲ ಭಾಗವೂ ಬೇಕು, ಅದರ ಉಳಿದ ಭಾಗವೂ ಬೇಕು. ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್ ಇಬ್ಬರೂ ಸೇರಿ ಟೇಪಿನ ವೇಗ ಹೆಚ್ಚುಕಮ್ಮಿ ಮಾಡಿ, ಶ್ರುತಿ ಕೂಡಿಸಿ, ಕತ್ತರಿಸಿ ಅಂಟಿಸಿದರು. ಸುಮಾರು ಒಂದು ನಿಮಿಷ ಆದ ಹೊತ್ತಿಗೆ ಆ ಬೆಸುಗೆ ಬರುತ್ತದೆ. ಅಂಗಡಿಯವರು ಅಲ್ಲಿ ಬೆರಳೆತ್ತಿ ತೋರಿಸಿದರು. ಅಲ್ಲಿಂದ ಮುಂದೆ ಲೆನನ್ ದನಿಯೇ ಭಾರ ಆಗುತ್ತದೆ, ನಿದ್ದೆಗಣ್ಣಿನಲ್ಲಿ ಹಾಡಿದ ಹಾಗೆ. ಒಮ್ಮೆ ಗೊತ್ತಾದ ಮೇಲೆ ಕೇಳಿಸದೆ ಇರುವುದಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕತ್ತರಿ, ಟೇಪು, ಕಿವಿ ಇಷ್ಟರಲ್ಲೇ ಆದ ಕೆಲಸ ಅಪ್ಪ ಅದು!

ಎಪ್ಪತ್ತರ ದಶಕದಲ್ಲಿ ಎಲ್ಲರೂ ಕ್ವೀನ್ ತಂಡದ 'ಬೊಹಿಮಿಯನ್ ರಾಪ್ಸಡಿ'ಗೆ ಒಂಬತ್ತು, ಹತ್ತು ಹಾಕಿದರು. 1975ರ ನವೆಂಬರಿನಿಂದ ಒಂಬತ್ತು ವಾರ ಮೇಲಿತ್ತು, ತಂಡದ ಗಾಯಕ ಫ್ರೆಡಿ ಮರ್ಕ್ಯುರಿ ತೀರಿಕೊಂಡ ಮೇಲೆ 1991ರಲ್ಲಿ ಮತ್ತೆ ಮೇಲೆ ಬಂತು. ಅದರ ಬಗ್ಗೆ ಜಗಳವೇ ಆಗಲಿಲ್ಲ. ಜಗಳ ಆಗಬಹುದಾಗಿದ್ದದ್ದು 'ಮೋಲ್ಡಿ ಓಲ್ಡ್ ಡೋ' ಬಗ್ಗೆ. 1972ರ ಅಕ್ಟೋಬರಿನಿಂದ ನಾಲ್ಕು ವಾರ ನಂಬರ್ ಒನ್. ಪಕ್ಕದ ಕಾವೆಂಟ್ರಿಯ ಲೆಫ್ಟಿನೆಂಟ್ ಪಿಜನ್ ತಂಡ. ಮನೆಯ ಮುಂದಿನ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದು. ಪಿಯಾನೊ ನುಡಿಸಿದ್ದು ತಂಡದ ಹುಡುಗನ ತಾಯಿ ಹಿಲ್ಡಾ ವುಡ್‌ವರ್ಡ್. ಹಾಡಿನಲ್ಲಿ ಮಾತೇ ಇಲ್ಲ ಅನ್ನಬಹುದು. ಪಿಯಾನೊ ದಡದಡ, ನಡುವೆ ಯಾರೋ ಗೊಗ್ಗರು ದನಿಯಲ್ಲಿ ಒಂದೆರಡು ಶಬ್ದ ಅನ್ನುತ್ತಾರೆ.

ಕಾಕಾ ಅದಕ್ಕೆ ಹತ್ತು ಕೊಟ್ಟಿದ್ದರು. ಆ ಆಗಸ್ಟಿನಲ್ಲಿ ಇದಿ ಅಮೀನ್ ಉಗಾಂಡಾದ ಏಷ್ಯನ್ನರಿಗೆಲ್ಲ 90 ದಿನದಲ್ಲಿ ದೇಶ ಬಿಡಿ ಅಂದಿದ್ದ. ಇವರು ಅಪ್ಪ ಅಮ್ಮನ ಕೈ ಹಿಡಿದು ಬಂದಿಳಿದಾಗ ಸಣ್ಣ ಹುಡುಗ. ನಿರಾಶ್ರಿತರನ್ನು ಇರಿಸಿದ್ದ ಸೇನೆಯ ಹಳೇ ಬಿಡಾರದಲ್ಲಿ ಒಂದು ರೇಡಿಯೊ. ಅದರಲ್ಲಿ ದಿನಾ ಈ ಹಾಡು. ಇಂಗ್ಲಿಷ್ ಅಷ್ಟಾಗಿ ಬರದ ಅವರ ತಾಯಿಗೂ ಅದು ಅರ್ಥವಾಗುತ್ತಿತ್ತಂತೆ, ತಾಳ ಹಾಕುತ್ತಿದ್ದರಂತೆ. ನಾನು ಐದು ಕೊಟ್ಟಿದ್ದೆ. ಇವತ್ತು ಕೇಳಿದರೂ ಐದೇ ಕೊಡುತ್ತೇನೆ. ಆದರೆ ಕಾಕಾ ಕೊಟ್ಟ ಹತ್ತನ್ನು ಯಾರೂ ಕೆದಕಲಿಲ್ಲ.

ಎಂಬತ್ತರ ದಶಕಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ದಿ ಸ್ಪೆಷಲ್ಸ್ ತಂಡದ 'ಘೋಸ್ಟ್ ಟೌನ್', 1981. ಇವರೂ ಕಾವೆಂಟ್ರಿಯವರೇ. ಕರಿಯರು, ಬಿಳಿಯರು ಒಟ್ಟಿಗೆ ಇದ್ದ ತಂಡ. ಊರಿನ ಕಾರು ಕಾರ್ಖಾನೆಗಳಲ್ಲಿ ಕೆಲಸ ಹೋಗುತ್ತಿತ್ತು, ಹುಡುಗರಿಗೆ ಕೆಲಸ ಇಲ್ಲ, ಕ್ಲಬ್ಬುಗಳಿಗೆ ಬೀಗ. ಅದನ್ನೇ ತಂಡದ ಜೆರ್ರಿ ಡ್ಯಾಮರ್ಸ್ ಹಾಡು ಮಾಡಿದರು. ಶುರುವಿನಲ್ಲಿ ಗಾಳಿ ಊಳಿಡುವಂಥ ಸದ್ದು. ಆಮೇಲೆ ಆರ್ಗನ್, ಜಮೈಕಾದ ರಿಕೊ ರೊಡ್ರಿಗಸ್ ಅವರ ಟ್ರಾಂಬೋನ್. ಲಯ ಜಮೈಕಾದ ರೆಗೆ ಸಂಗೀತದ್ದು, ಕುಣಿಯಬಹುದು, ಆದರೆ ಕುಣಿಯಲು ಕಾಲು ಏಳುವುದಿಲ್ಲ. ಏಪ್ರಿಲಿನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಹೊತ್ತಿಕೊಂಡಿತ್ತು. ಜುಲೈನಲ್ಲಿ ಲಿವರ್‌ಪೂಲ್‌ನ ಟಾಕ್ಸ್‌ಟೆತ್. ಊರೂರುಗಳಲ್ಲಿ ಗಲಭೆ ನಡೆಯುತ್ತಿದ್ದ ಅದೇ ಜುಲೈನಲ್ಲಿ ಈ ಹಾಡು ಮೂರು ವಾರ ನಂಬರ್ ಒನ್. ಇಲ್ಲಿ ಜನ ಕೊಂಡದ್ದಕ್ಕೂ ಹಾಡಿನ ಯೋಗ್ಯತೆಗೂ ತಾಳೆಯಾಯಿತು. ಆಗ ಈ ಊರಲ್ಲೇ ಇದ್ದ ಬಸ್ ಡ್ರೈವರ್ ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಚೀಟಿ ಬರೆಯಲೇ ಇಲ್ಲ. ಆ ಸಂಜೆ ಡಬ್ಬದಲ್ಲಿ ಸಿಕ್ಕಿದ್ದೆಲ್ಲ ಹತ್ತು.

ಅದೇ ವರ್ಷ ಅಲ್ಟ್ರಾವಾಕ್ಸ್ ತಂಡದ 'ವಿಯೆನ್ನಾ' ನಾಲ್ಕು ವಾರ ಎರಡನೇ ಸ್ಥಾನದಲ್ಲೇ ಉಳಿಯಿತು. ಮೊದಲ ವಾರ ಎದುರಿಗಿದ್ದದ್ದು ಲೆನನ್ ಹಾಡು, ಅವರು ಕೊಲೆಯಾಗಿ ಕೆಲವೇ ವಾರ ಆಗಿತ್ತು, ಅದು ಸರಿ. ಉಳಿದ ಮೂರು ವಾರ ಜೋ ಡೋಲ್ಚೆಯ ತಮಾಷೆ ಹಾಡು 'ಷಡಪ್ ಯು ಫೇಸ್'. ಜನ ಇದನ್ನು ಮರೆತಿಲ್ಲ. 2012ರಲ್ಲಿ ಎರಡನೇ ಸ್ಥಾನದಲ್ಲೇ ನಿಂತ ಹಾಡುಗಳಲ್ಲಿ ಯಾವುದು ಚೆಂದ ಅಂತ ಬಿಬಿಸಿ ರೇಡಿಯೊ 2 ಮತ ಕೇಳಿದಾಗ ಗೆದ್ದದ್ದು 'ವಿಯೆನ್ನಾ'. ನನ್ನಂತೆ ಯೋಚಿಸುವವರು ಇಲ್ಲಿ ಬೇಕಾದಷ್ಟಿದ್ದಾರೆ, ಅಲ್ವಾ?

ತೊಂಬತ್ತರ ದಶಕ ಅಂದ ಕೂಡಲೇ ಎಲ್ಲರೂ 1995ರ ಬ್ಲರ್, ಒಯಾಸಿಸ್ ಪೈಪೋಟಿ ಎತ್ತುತ್ತಾರೆ. ಎರಡೂ ತಂಡ ಒಂದೇ ದಿನ ರೆಕಾರ್ಡ್ ಬಿಟ್ಟವು. ಬ್ಲರ್‌ನದು 2,74,000 ಪ್ರತಿ ಹೋಯ್ತು, ಒಯಾಸಿಸ್‌ನದು 2,16,000. ಟಿವಿ ವಾರ್ತೆಯಲ್ಲೂ ಬಂತು. ನನಗೆ ಆ ಎರಡು ಹಾಡೂ ಆರರ ಮೇಲೆ ಹೋಗುವುದಿಲ್ಲ. ಆ ವರ್ಷದ ನಿಜವಾದ ಹಾಡುಗಳು ಪಲ್ಪ್ ತಂಡದ 'ಕಾಮನ್ ಪೀಪಲ್', ಒಯಾಸಿಸ್‌ನದೇ 'ವಂಡರ್‌ವಾಲ್'. ಎರಡೂ ಎರಡನೇ ಸ್ಥಾನ! ಎರಡನ್ನೂ ತಡೆದದ್ದು ರಾಬ್ಸನ್, ಜೆರೋಮ್ ಅನ್ನುವ ಇಬ್ಬರು ಟಿವಿ ನಟರು ಹಾಡಿದ ಹಳೇ ಹಾಡುಗಳು.

ಅಮ್ಮ, ಇದು ನಿನಗೆ. ಲೆಸ್ಟರ್‌ನಲ್ಲಿ ಶುರುವಾದ ಕಾರ್ನರ್‌ಶಾಪ್ ಅನ್ನುವ ತಂಡ 'ಬ್ರಿಮ್‌ಫುಲ್ ಆಫ್ ಆಶಾ' ಅಂತ ಹಾಡು ಮಾಡಿತು. ಆಶಾ ಅಂದರೆ ನಿನ್ನ ಆಶಾ ಭೋಸ್ಲೆಯವರೇ. ಲತಾ, ರಫಿ ಹೆಸರೂ ಬರುತ್ತದೆ, ಹಳೇ ರೇಡಿಯೊ ಬರುತ್ತದೆ. 1997ರಲ್ಲಿ 60ನೇ ಸ್ಥಾನದಿಂದ ಮೇಲೆ ಹೋಗಲಿಲ್ಲ. ಡಿಜೆ ನಾರ್ಮನ್ ಕುಕ್ ಅದರ ವೇಗ ಹೆಚ್ಚಿಸಿ ಮತ್ತೆ ಮಾಡಿಕೊಟ್ಟ ಮೇಲೆ 1998ರ ಫೆಬ್ರುವರಿಯಲ್ಲಿ ನಂಬರ್ ಒನ್. ಒಂದೇ ವಾರ, ಹಿಂದಿನ ವಾರ ಸೆಲೀನ್ ಡಿಯಾನ್ ಹಾಡು, ಮುಂದಿನ ವಾರ ಮಡೋನಾ ಹಾಡು. ನಾನು ಹತ್ತು ಕೊಟ್ಟೆ. ಹಿನ್ನೆಲೆ ಗಾಯಕಿಯರ ಮೇಲೆ ಇಷ್ಟು ಪ್ರೀತಿಯಿಂದ ಕಟ್ಟಿದ ಹಾಡು ಈ ದೇಶದ ಚಾರ್ಟಿನ ತುದಿಗೆ ಏರಿತಲ್ಲ, ಅದಕ್ಕೆ ಕಡಿಮೆ ಕೊಡಲು ನನ್ನಿಂದ ಆಗುವುದಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, ರೂರ್ಕೆಲಾದಲ್ಲಿ ಹುಟ್ಟಿದ ಜ್ಯೋತಿ ಮಿಶ್ರಾ, ವೈಟ್ ಟೌನ್ ಅನ್ನುವ ಹೆಸರಿನಲ್ಲಿ ಡರ್ಬಿಯ ತಮ್ಮ ಮನೆಯಲ್ಲೇ ಒಬ್ಬರೇ ಕೂತು ಮಾಡಿದ 'ಯುವರ್ ವುಮನ್' ಕೂಡ ನಂಬರ್ ಒನ್ ಆಗಿತ್ತು.

ಇತ್ತೀಚಿನ ದಶಕಗಳಿಗೆ ಮಾರ್ಕ್ಸ್ ಹಾಕುವುದು ಕಷ್ಟ. ಲೆಕ್ಕದ ರೀತಿಯೇ ಬದಲಾಗಿದೆ. 2005ರಲ್ಲಿ ಡೌನ್‌ಲೋಡ್ ಸೇರಿತು, 2014ರಲ್ಲಿ ಸ್ಟ್ರೀಮಿಂಗ್. ಆಗ 100 ಸಲ ಕೇಳಿದರೆ ಒಂದು ಮಾರಾಟದ ಲೆಕ್ಕ. 2017ರ ಮಾರ್ಚಿನಲ್ಲಿ ಗಾಯಕ ಎಡ್ ಶೀರನ್ ಆಲ್ಬಮ್ ಬಂದ ವಾರ ಮೊದಲ 20ರಲ್ಲಿ 16 ಹಾಡು ಅವರದೇ. ಆಮೇಲೆ ಒಬ್ಬರಿಗೆ ಮೂರೇ ಹಾಡು ಅಂತ ನಿಯಮ ತಂದರು. ಮುಂಚೆ ರೆಕಾರ್ಡ್ ಕೊಂಡು ಸಾವಿರ ಸಲ ಹಾಕಿದರೂ ಲೆಕ್ಕಕ್ಕೆ ಒಂದೇ. ಈಗ ಕೇಳಿದಷ್ಟೂ ಲೆಕ್ಕ. ಹಾಗಾಗಿ ಹಳೇ ಹಾಡುಗಳು ಇಳಿಯುವುದೇ ಇಲ್ಲ. ದಿ ಕಿಲ್ಲರ್ಸ್ ತಂಡದ 'ಮಿಸ್ಟರ್ ಬ್ರೈಟ್‌ಸೈಡ್' 2004ರಲ್ಲಿ ಹತ್ತನೇ ಸ್ಥಾನದ ಮೇಲೆ ಹೋಗಲಿಲ್ಲ, ಆದರೆ ಮೊದಲ 100ರಲ್ಲಿ 400 ವಾರಕ್ಕೂ ಮೇಲೆ ಕಳೆದಿದೆ. ಕಾಲೇಜು ಹುಡುಗರು ಇದೇ ನ್ಯಾಯವಾದ ಲೆಕ್ಕ ಅನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಮೂರನೇ ಸ್ಥಾನಕ್ಕೆ ನಿಂತಿತ್ತು. ಅಕ್ಕನ ಮಗಳು ನೋಡುತ್ತಾಳಲ್ಲ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿ, ಅದರಲ್ಲಿ ಬಂದ ಮೇಲೆ 2022ರಲ್ಲಿ ನಂಬರ್ ಒನ್ ಆಯಿತು. 37 ವರ್ಷ ತಡವಾದರೂ ಸರಿಯಾದ ಜಾಗಕ್ಕೆ ಬಂತು.

ಈಗ ಒಂದು ಕೆಲಸ ಹೇಳುತ್ತೇನೆ. ಗೀತಮಾಲಾ ವಿಷಯ ಹೇಳಿದ್ದಕ್ಕೆ ಅಂಗಡಿಯವರು ಮುಂದಿನ ತಿಂಗಳು ಒಂದು ಸಂಜೆ ಪೂರ್ತಿ ನನಗೆ ಬಿಟ್ಟುಕೊಟ್ಟಿದ್ದಾರೆ. ಅಪ್ಪ, ನಿಮಗೆ ನೆನಪಿರುವ ಹತ್ತು ಹಾಡು ಬರೆದು ಕಳಿಸಿ. ಮೇಲಕ್ಕೆ ಬಾರದೆ ನಿಮಗೆ ಹೊಟ್ಟೆ ಉರಿದ ಹಾಡು ಇದ್ದರೆ ಅದನ್ನು ಮೊದಲು ಬರೆಯಿರಿ. ಅಮ್ಮ, ನೀನು ಬೇರೆ ಕಾಗದದಲ್ಲಿ ನಿನ್ನ ಪಟ್ಟಿ ಬರಿ, ಅಪ್ಪನಿಗೆ ತೋರಿಸಬೇಡ. ಕನ್ನಡದ್ದೂ ನಾಲ್ಕು ಸೇರಿಸಿ. ಪ್ರತಿ ಹಾಡಿನ ಎದುರಿಗೆ ಹತ್ತಕ್ಕೆ ಎಷ್ಟು ಅಂತ ಹಾಕಲೇಬೇಕು. ಇಪ್ಪತ್ತನೇ ತಾರೀಖಿನೊಳಗೆ ಕೈಗೆ ಸಿಕ್ಕರೆ ರೆಕಾರ್ಡ್ ಹುಡುಕಲು ಸಮಯ ಇರುತ್ತದೆ.

ಇಂತಿ ನಿಮ್ಮ ಪ್ರೀತಿಯ ಮಗಳು