ಸ್ಪೋರ್ಟ್ಸ್ ಕಾರಿಗೆ ದಪ್ಪ ಆಯಿಲ್: ಸಲಹೆ ತಿದ್ದಿಕೊಳ್ಳಿ

ಮಾನ್ಯ ಸಂಪಾದಕರೇ,

ದುಬಾರಿ ಸ್ಪೋರ್ಟ್ಸ್ ಕಾರಿಗೆ ನಮ್ಮ ಸೆಕೆಯಲ್ಲಿ 20ಡಬ್ಲ್ಯು-50ರಂಥ ದಪ್ಪ ಆಯಿಲ್ ಒಳ್ಳೆಯದು, ಓಡುವುದೇ ಕಡಿಮೆಯಾದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿದರೂ ನಡೆಯುತ್ತದೆ ಎಂದು ನಿಮ್ಮ ವಾಹನ ಪುಟದಲ್ಲಿ ಬಂದಿದೆ. ಎರಡೂ ಮಾತು ಒಪ್ಪುವಂಥದ್ದಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವ ಪೋರ್ಷೆ 911 ಕರೇರಾವನ್ನೇ ನೋಡೋಣ. ಈ ಕಾರಿನ 996 ಮತ್ತು 2008ರವರೆಗಿನ 997 ಎಂಬ ಪೀಳಿಗೆಗಳಲ್ಲಿ ಈ ಸಲಹೆ ಪಾಲಿಸಿದರೆ ಎಂಜಿನ್ನೇ ಹೋಗಬಹುದು.

20ಡಬ್ಲ್ಯು-50 ಮಾತು ಬಹುಶಃ ಗಾಳಿಯಿಂದ ತಣಿಯುತ್ತಿದ್ದ ಹಳೆಯ 911ಗಳ ಕಾಲದ್ದು. ಅವುಗಳಿಗೆ ಅದನ್ನು ಹಾಕುವವರು ಈಗಲೂ ಇದ್ದಾರೆ, ತಪ್ಪಿಲ್ಲ. ನೀರಿನಿಂದ ತಣಿಯುವ ಈ ಎಂಜಿನ್‌ಗಳಿಗೆ ಬೇಕಾದದ್ದು ಪೋರ್ಷೆಯ ಎ40 ಅನುಮೋದನೆ ಇರುವ 0ಡಬ್ಲ್ಯು-40 ಅಥವಾ 5ಡಬ್ಲ್ಯು-40. ಕೊನೆಯ 40 ಎಂಬುದು ಎಂಜಿನ್ ಕಾದ ಮೇಲಿನ ದಪ್ಪ, ಮೊದಲಿನ ಅಂಕಿ ತಣ್ಣಗಿರುವಾಗಿನ ಹರಿವು. ಹಿಮ ಬೀಳದ ನಮ್ಮೂರುಗಳಿಗೆ 5ಡಬ್ಲ್ಯು ಧಾರಾಳ ಸಾಕು. 20ಡಬ್ಲ್ಯು ಹಾಕಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಆಯಿಲ್ ಫಿಲ್ಟರ್ ಕಾಗದದೊಳಗೆ ಬೇಗ ನುಗ್ಗುವುದಿಲ್ಲ. ಒತ್ತಡ ಏರಿ, ಫಿಲ್ಟರ್ ಡಬ್ಬಿಯಲ್ಲಿರುವ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ಕಸದ ಸಮೇತ ಬೇರಿಂಗ್‌ಗಳಿಗೆ ಹೋಗುವ ಸಂಭವ ಹೆಚ್ಚುತ್ತದೆ.

ಆಯಿಲ್ ಡಬ್ಬಿಯ ಮುಂಭಾಗದ ಬಣ್ಣ ನೋಡಿ ಕೊಳ್ಳಬೇಡಿ, ಹಿಂಭಾಗ ಓದಿ. ಅಲ್ಲಿ ‘ಅಪ್ರೂವಲ್’ ಎಂಬ ತಲೆಬರಹದ ಕೆಳಗೆ ಎ40 ಇರಬೇಕು. ‘ಸೂಕ್ತ’, ‘ಶಿಫಾರಸು’ ಎಂದಷ್ಟೇ ಇದ್ದರೆ ಅದು ಆಯಿಲ್ ಕಂಪನಿಯ ಮಾತು, ಪೋರ್ಷೆಯದಲ್ಲ. ಪೋರ್ಷೆಯದೇ ಇನ್ನೊಂದು ಅನುಮೋದನೆ ಸಿ30 ಬೇರೆ ಎಂಜಿನ್‌ಗಳಿಗೆ ಮಾಡಿದ್ದು, ಇದಕ್ಕೆ ಬೇಡ. ನಕಲಿ ಡಬ್ಬಿಗಳ ಹಾವಳಿ ಇರುವುದರಿಂದ ವಾಹನ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬ್ಯಾಚ್ ನಂಬರ್ ಬರೆದ ಬಿಲ್ ಕೇಳಿ ಪಡೆಯಿರಿ.

ಇನ್ನು ಅವಧಿ. ಸಂಜೆ ಹೊರತೆಗೆದು ಆರೇಳು ಕಿಲೋಮೀಟರ್ ಸುತ್ತಿ ನಿಲ್ಲಿಸುವ ಕಾರಿನ ಆಯಿಲ್ ಬೇಗ ಕೆಡುತ್ತದೆ. ಮೀಟರಿನಲ್ಲಿ ನೀರು ಕಾದಂತೆ ಕಂಡರೂ ಆಯಿಲ್ ಕಾಯಲು ಇನ್ನಷ್ಟು ಹೊತ್ತು ಬೇಕು. ಅಷ್ಟರಲ್ಲಿ ಕಾರು ನಿಂತರೆ ಒಳಗೆ ಕೂತ ತೇವವೂ ಸೋರಿದ ಪೆಟ್ರೋಲೂ ಆವಿಯಾಗದೆ ಉಳಿದು ಆಯಿಲ್ ಆಮ್ಲೀಯವಾಗುತ್ತದೆ. ಈ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಗಳ ಚೈನ್ ಓಡಿಸುವ ಇಂಟರ್‌ಮೀಡಿಯೆಟ್ ಶಾಫ್ಟಿನ ತುದಿಗೆ ಸೀಲ್ ಮಾಡಿದ ಬಾಲ್ ಬೇರಿಂಗ್ ಇದೆ. ಸೀಲ್ ಸವೆದರೆ ಗ್ರೀಸ್ ಕೊಚ್ಚಿಹೋಗಿ ಅದರ ಜಾಗದಲ್ಲಿ ಕೊಳೆತ ಆಯಿಲ್ ಕೂರುತ್ತದೆ. ಬೇರಿಂಗ್ ಒಡೆದರೆ ಚೈನ್ ಟೈಮಿಂಗ್ ತಪ್ಪುತ್ತದೆ, ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಜಿಟಿ3 ಮತ್ತು ಟರ್ಬೊಗಳ ಎಂಜಿನ್ ಬೇರೆ, ಅವಕ್ಕೆ ಈ ಕಾಟವಿಲ್ಲ. ಕರೇರಾಕ್ಕೆ ವರ್ಷಕ್ಕೊಮ್ಮೆ ಅಥವಾ 8,000 ಕಿಲೋಮೀಟರಿಗೆ, ಯಾವುದು ಮೊದಲೋ ಆಗ ಬದಲಿಸುವುದು ನ್ಯಾಯ. ಕಂಪನಿಯ ಪುಸ್ತಕ ಇದಕ್ಕಿಂತ ಉದಾರ, ಇರಲಿ.

ಬದಲಿಸುವ ಕ್ರಮ ಕಷ್ಟವಿಲ್ಲ. ಇಪ್ಪತ್ತು ನಿಮಿಷ ಓಡಿಸಿ ಆಯಿಲ್ ಕಾಯಿಸಿ, ಕಾರನ್ನು ಸಮಮಟ್ಟದಲ್ಲಿ ಎತ್ತಿ. ಒಂದೇ ತುದಿಗೆ ಜಾಕ್ ಹಾಕಿದರೆ ಹಳೆಯ ಆಯಿಲ್ ಒಳಗೇ ಉಳಿಯುತ್ತದೆ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಡ್ರೈನ್ ಪ್ಲಗ್‌ಗೆ 8 ಎಂಎಂ ಅಲೆನ್ ಕೀ ಬೇಕು, ಇಪ್ಪತ್ತು ನಿಮಿಷ ಸೋರಲು ಬಿಡಿ. ಹೊಸ ವಾಷರ್ ಹಾಕಿ 50 ನ್ಯೂಟನ್ ಮೀಟರಿಗೆ ಬಿಗಿಯಿರಿ. ಚೇಂಬರ್ ಅಲ್ಯೂಮಿನಿಯಂ, ಕೈಬಲ ತೋರಿಸಿದರೆ ಥ್ರೆಡ್ ಕಿತ್ತುಬರುತ್ತದೆ. ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿಗೆ 25 ಸಾಕು. ಅದರ ಓ-ರಿಂಗ್ ಹೊಸದಿರಲಿ, ಆಯಿಲ್ ಸವರಿರಲಿ.

ಹೆಚ್ಚಿನ ಗ್ಯಾರೇಜುಗಳು ಮಾಡದ ಕೆಲಸವೊಂದಿದೆ. ಹಳೆಯ ಫಿಲ್ಟರ್ ಎಸೆಯುವ ಮೊದಲು ಬ್ಲೇಡಿನಿಂದ ಕಾಗದವನ್ನು ಕತ್ತರಿಸಿ, ಮಡಿಕೆ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಹಿಂಡಿ ಬಿಸಿಲಿಗೆ ಹಿಡಿಯಿರಿ. ಮೇಲೆ ಅಯಸ್ಕಾಂತ ಆಡಿಸಿ. ಅಂಟಿಬರುವ ಉಕ್ಕಿನ ಚೂರುಗಳಿದ್ದರೆ ಬೇರಿಂಗ್ ಮೇಲೆ ಗುಮಾನಿ. ಅಂಟದ ಬೆಳ್ಳಿ ಬಣ್ಣದ ಹುಡಿ ಅಲ್ಯೂಮಿನಿಯಂ. ಕಂದು ಪ್ಲಾಸ್ಟಿಕ್ ತುಣುಕು ಚೈನ್ ಒತ್ತುವ ಪ್ಯಾಡಿನದು. ಒಂದೆರಡು ಮಿನುಗು ಕಣಕ್ಕೆ ಗಾಬರಿಯಾಗಬೇಕಿಲ್ಲ, ಉಗುರಿಗೆ ಸಿಗುವ ಚೂರು ಕಂಡರೆ ಕಾರು ಓಡಿಸಬೇಡಿ.

ತುಂಬುವಾಗ ಆತುರ ಬೇಡ. ಫಿಲ್ಟರ್ ಸೇರಿ ಸುಮಾರು 8.25 ಲೀಟರ್ ಹಿಡಿಯುತ್ತದೆ, ಆದರೆ ಮೊದಲು ಏಳೂವರೆ ಹಾಕಿ, ಎಂಜಿನ್ ಓಡಿಸಿ, ನಿಲ್ಲಿಸಿ, ಅಳೆದು, ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. 996ರಲ್ಲಿ ಡಿಪ್‌ಸ್ಟಿಕ್ ಇದೆ, 997ರಲ್ಲಿ ಇಲ್ಲ. ಅದರಲ್ಲಿ ಸಮನೆಲದ ಮೇಲೆ ಎಂಜಿನ್ ನಿಲ್ಲಿಸಿ, ಇಗ್ನಿಷನ್ ಆನ್ ಮಾಡಿ, ಡ್ಯಾಶ್‌ಬೋರ್ಡಿನ ಎಣಿಕೆ ಮುಗಿಯುವವರೆಗೆ ಕಾಯಬೇಕು. ಗಾಳಿಯಿಂದ ತಣಿಯುವ ಹಳೆಯ 911ಗಳಲ್ಲಿ ಇದಕ್ಕೆ ತದ್ವಿರುದ್ಧ: ಕಾದ ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗಲೇ ಅಳೆಯಬೇಕು. ಇದು ಗೊತ್ತಿಲ್ಲದ ಮೆಕ್ಯಾನಿಕ್ ಅತಿಯಾಗಿ ತುಂಬಿಬಿಡುತ್ತಾನೆ. ಕರೇರಾದಲ್ಲಿ ಹೆಚ್ಚಾದ ಆಯಿಲ್, ಎಂಜಿನ್ ಆವಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್‌ಗೆ ನುಗ್ಗಿ, ಇನ್‌ಟೇಕಿನ ಮೂಲಕ ಸಿಲಿಂಡರಿಗೆ ಹೋಗಿ ಉರಿಯುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಮೋಡದಂತೆ ಏಳುತ್ತದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ಎಳೆದರೂ ಬಿಡದಷ್ಟು ಗಟ್ಟಿ ಹಿಡಿದಿದ್ದರೆ ಸೆಪರೇಟರ್ ಆಗಲೇ ಕೆಟ್ಟಿದೆ ಎಂದರ್ಥ.

ತೆಗೆದ ಎಂಟು ಲೀಟರ್ ಮೋರಿಗೆ ಹೋಗಬಾರದು. ಹಳೆಯ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆದಾರರಿಗೆ ಕೊಡುವ ಗ್ಯಾರೇಜನ್ನೇ ಆರಿಸಿ. 20ಡಬ್ಲ್ಯು-50 ಯಾವ ವರ್ಷದವರೆಗಿನ ಕಾರಿಗೆ ಎಂಬುದನ್ನು ಮುಂದಿನ ವಾಹನ ಪುಟದಲ್ಲಿ ಸ್ಪಷ್ಟಪಡಿಸಬೇಕೆಂದು ವಿನಂತಿ.

ಇಂತಿ,
ಒಬ್ಬ ಓದುಗ, ಬೆಂಗಳೂರು