ಉದ್ಭವಿಸುವುದಿಲ್ಲ: ಸಂಸದರಿಗೊಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಲೋಕಸಭಾ ಸದಸ್ಯರಿಗೆ,

ಶಿರಸಿಯಿಂದ ನಮಸ್ಕಾರ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಯಾವ ಕಚೇರಿ ಅನ್ನೋದು ಬೇಡ, ಅಲ್ಲಿ ಈಗಲೂ ಗೆಳೆಯರಿದ್ದಾರೆ. ಅಧಿವೇಶನ ಶುರುವಾದರೆ ನನ್ನ ಟೇಬಲ್ಲಿಗೆ ತುರ್ತು ಟಪ್ಪಾಲು ಬರುತ್ತಿತ್ತು. ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆ, ಬರೆದು ಕೊಟ್ಟರೆ ಸಾಕಾದ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಎಲ್ಲಕ್ಕೂ ಸಂಜೆಯೊಳಗೆ ಉತ್ತರ. ನೀವು ಈ ಆಟವನ್ನು ಆ ಕಡೆಯಿಂದ ನೋಡಿದವರು, ನಾನು ಈ ಕಡೆಯಿಂದ.

ಉತ್ತರ ಬರೆಯಲು ಹೆಚ್ಚು ಬುದ್ಧಿ ಬೇಕಾಗುತ್ತಿರಲಿಲ್ಲ. "ಸರ್ಕಾರದ ಗಮನಕ್ಕೆ ಬಂದಿದೆಯೇ?" ಅಂತ ಕೇಳಿದರೆ "ಬಂದಿದೆ." "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಅಂದರೆ "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ." ಇನ್ನೂ ಸುಲಭದ ದಾರಿ ಮೊದಲ ಪ್ರಶ್ನೆಗೇ "ಇಲ್ಲ" ಅನ್ನುವುದು. ಆಗ ಕೆಳಗಿನ ಎಲ್ಲಕ್ಕೂ ಒಂದೇ ಮಾತು ಸಾಕು: "ಉದ್ಭವಿಸುವುದಿಲ್ಲ." ಮೇಲಿನ ಒಂದು ಇಲ್ಲ, ಕೆಳಗಿನ ನಾಲ್ಕು ಪ್ರಶ್ನೆಗಳನ್ನು ನುಂಗಿಬಿಡುತ್ತಿತ್ತು.

ಈ ಹಳೇ ಕಸುಬು ಮತ್ತೆ ನೆನಪಾಗಿದ್ದು ಜಿನೀವಾದ ವಿಡಿಯೋ ನೋಡಿದಾಗ. 2024ರ ಜುಲೈ 15 ಮತ್ತು 16ರಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ನಮ್ಮ ದೇಶದ ನಿಯೋಗವನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿತು. ನಮ್ಮ ಜಿಲ್ಲೆಯಲ್ಲಿ ಆಗ ಅದನ್ನು ನೋಡುವ ಸ್ಥಿತಿ ಯಾರಿಗೂ ಇರಲಿಲ್ಲ. 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಜರಿದು ಗಂಗಾವಳಿ ನದಿಗೆ ಬಿದ್ದಿತ್ತು. ಎಲ್ಲರ ಕಣ್ಣೂ ಟಿವಿಯಲ್ಲಿ. ನಾನು ಜಿನೀವಾದ ವಿಡಿಯೋ ನೋಡಿದ್ದು ಎಷ್ಟೋ ದಿನದ ಮೇಲೆ, ಕರೆಂಟು ಇದ್ದಾಗ ತುಸು ತುಸು.

ಈ ಸಮಿತಿಯನ್ನು ನಮ್ಮ ಮೇಲೆ ಯಾರೂ ಹೇರಿದ್ದಲ್ಲ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 1979ರಲ್ಲಿ ನಾವೇ ಸೇರಿದ್ದು. ಸೇರಿದ ಮೇಲೆ ಆಗಾಗ ವರದಿ ಕೊಡಬೇಕು. 18 ಮಂದಿ ತಜ್ಞರು ಅದನ್ನು ಓದಿ ಮೊದಲು ಲಿಖಿತ ಪ್ರಶ್ನೆಪಟ್ಟಿ ಕಳಿಸುತ್ತಾರೆ, ಆಮೇಲೆ ಎದುರಾಎದುರು ಕೇಳುತ್ತಾರೆ. ಅಲ್ಲೇ ಹೇಳಲಾಗದ್ದನ್ನು 48 ಗಂಟೆಯೊಳಗೆ ಬರೆದು ಕೊಡಬಹುದು. ಪರವಾಗಿಲ್ಲ, ನಮ್ಮ ಅಧಿವೇಶನದ ಟಪ್ಪಾಲಿಗಿಂತ ಉದಾರ! ಆದರೆ 1997ರಲ್ಲಿ ಹೋಗಿ ಕೂತವರು ಮತ್ತೆ ಹೋಗಿದ್ದು 2024ರಲ್ಲಿ. ನಡುವೆ 27 ವರ್ಷ. ನನ್ನ ಇಡೀ ಸರ್ವಿಸ್ ಹೆಚ್ಚೂಕಮ್ಮಿ ಅದರಲ್ಲೇ ಮುಗಿದುಹೋಯಿತು.

ನಿಯೋಗದಲ್ಲಿ ಅಟಾರ್ನಿ ಜನರಲ್ ಮತ್ತು ಸಾಲಿಸಿಟರ್ ಜನರಲ್ ಇಬ್ಬರೂ ಇದ್ದರು. ಕೇಂದ್ರ ಸರ್ಕಾರದ ದೊಡ್ಡ ವಕೀಲರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುತ್ತಿಲ್ಲ. ಉತ್ತರಗಳಲ್ಲಿ ಸಂವಿಧಾನದ ವಿಧಿ ಬಂತು, ಸುಪ್ರೀಂ ಕೋರ್ಟಿನ ತೀರ್ಪು ಬಂತು, ಕಾಯ್ದೆಗಳ ಹೆಸರು ಬಂತು. ಎಲ್ಲ ಸರಿಯೇ. ಆದರೆ "ಈ ಕಾನೂನು ಇದೆಯೋ?" ಅಂತ ಕೇಳಿದಾಗ ಅದು ಉತ್ತರ. "ಈ ಕಾನೂನಿನಡಿ ಎಷ್ಟು ಜನಕ್ಕೆ ನ್ಯಾಯ ಸಿಕ್ಕಿತು?" ಅಂತ ಕೇಳಿದಾಗ ಅದು ಉತ್ತರ ಅಲ್ಲ, ಅಲ್ವಾ? ಕೇಸು ಗೆದ್ದು ಗೆದ್ದು ರೂಢಿಯಾದವರು ಅಲ್ಲಿಯೂ ಗೆಲ್ಲಲು ನೋಡುತ್ತಾರೆ. ಆ ಕೋಣೆಯಲ್ಲಿ ಗೆಲ್ಲಲು ಎದುರುಪಾರ್ಟಿಯೇ ಇಲ್ಲ.

ಇದನ್ನು ಒಂದು ಪಕ್ಷದ ಮೇಲೆ ಹೊರಿಸುವ ಪತ್ರ ಅಂದುಕೊಳ್ಳಬೇಡಿ. 2006ರ ಡಿಸೆಂಬರಿನಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಅವರು ದೆಹಲಿಯಲ್ಲಿ ಅಸ್ಪೃಶ್ಯತೆಯನ್ನು ದಕ್ಷಿಣ ಆಫ್ರಿಕಾದ ವರ್ಣಭೇದಕ್ಕೆ ಹೋಲಿಸಿದರು. ಎರಡೇ ತಿಂಗಳ ಮೇಲೆ, 2007ರ ಫೆಬ್ರವರಿಯಲ್ಲಿ, ಜನಾಂಗ ತಾರತಮ್ಯ ತೊಡೆಯುವ ಒಪ್ಪಂದವನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಇನ್ನೊಂದು ಸಮಿತಿಯ ಮುಂದೆ ಅವರದೇ ಸರ್ಕಾರದ ನಿಯೋಗ ಹೇಳಿದ್ದೇನು? ಜಾತಿ ಅನ್ನುವುದು ಜನಾಂಗವಲ್ಲ, ಹಾಗಾಗಿ ಅದು ಈ ಒಪ್ಪಂದದೊಳಗೆ ಬರುವುದಿಲ್ಲ. ಅಂದರೆ, ಉದ್ಭವಿಸುವುದಿಲ್ಲ. ಅದೇ ಒಪ್ಪಂದದ ಮೊದಲ ವಿಧಿಯಲ್ಲಿ ವಂಶ, ಹುಟ್ಟು ಅನ್ನುವ ಅರ್ಥದ ಮಾತೂ ಇದೆ, ಜಾತಿ ಅದರೊಳಗೆ ಬರುತ್ತದೆ ಅಂತ ಸಮಿತಿ ಹೇಳಿದರೂ ನಮ್ಮವರು ಒಪ್ಪಲಿಲ್ಲ.

ಚಿತ್ರಹಿಂಸೆ ತಡೆಯುವ ಒಪ್ಪಂದದ ಕಡತ ಇನ್ನೂ ಮಜವಾಗಿದೆ. 1997ರ ಅಕ್ಟೋಬರಿನಲ್ಲಿ ಸಹಿ ಹಾಕಿದೆವು, ಅನುಮೋದನೆ ಇವತ್ತಿಗೂ ಆಗಿಲ್ಲ. 2010ರಲ್ಲಿ ಲೋಕಸಭೆ ಮಸೂದೆ ಪಾಸು ಮಾಡಿತು, ರಾಜ್ಯಸಭೆ ದಾಟಲಿಲ್ಲ. 2008, 2012, 2017, 2022. ದೇಶಗಳೇ ಒಂದನ್ನೊಂದು ಪ್ರಶ್ನಿಸುವ ವಿಶ್ವಸಂಸ್ಥೆಯ ಪರಿಶೀಲನೆಯಲ್ಲಿ ನಾಲ್ಕು ಸಲವೂ ಬೇರೆ ದೇಶದವರು ಜಿನೀವಾದಲ್ಲಿ ಇದನ್ನು ಎತ್ತಿದರು. ನಮ್ಮ ಕಚೇರಿಯ ಭಾಷೆಯಲ್ಲಿ ಇಂಥದಕ್ಕೆ "ಪರಿಶೀಲನೆಯಲ್ಲಿದೆ" ಅಂತಾರೆ.

ಸರಿ, ಶಿರಸಿಯ ಗುಮಾಸ್ತನಿಗೆ ಇದೆಲ್ಲ ಯಾಕೆ ಅಂತೀರಾ? ಜಿನೀವಾದಲ್ಲಿ ಓದುವ ಅಂಕಿ ದೆಹಲಿಯಲ್ಲಿ ಹುಟ್ಟುವುದಿಲ್ಲ. ನನ್ನಂಥವನ ತಖ್ತೆಯಲ್ಲಿ ಹುಟ್ಟುತ್ತದೆ. ಕಾಡಿನಲ್ಲಿ ಬದುಕುವವರಿಗೆ ಜಮೀನಿನ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳ ತಖ್ತೆ ಕೆಲವು ಕಾಲ ನನ್ನ ಕೈಯಲ್ಲಿತ್ತು. ಸ್ವೀಕರಿಸಿದ್ದು, ಮಂಜೂರಾದದ್ದು, ತಿರಸ್ಕರಿಸಿದ್ದು, ಬಾಕಿ, ಷರಾ. ಇಷ್ಟೇ ಕಾಲಂ. ಒಂದು ಮಳೆಗಾಲದಲ್ಲಿ ಘಟ್ಟದ ಕೆಳಗಿನ ಹಳ್ಳಿಯಿಂದ ಒಬ್ಬ ಮುದುಕಿ ಬಂದಿದ್ದರು. ತಿರಸ್ಕೃತ ಅನ್ನುವ ಕಾಗದವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ಸೀರೆಯ ಸೆರಗಿಗೆ ಗಂಟು ಹಾಕಿ ತಂದಿದ್ದರು. ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿದ್ದುದಕ್ಕೆ ಪುರಾವೆ ಕೊಡಬೇಕು. ಅವರ ಬಳಿ ಇದ್ದದ್ದು ಅಪ್ಪ ನೆಟ್ಟ ಹಲಸಿನ ಮರ. "ಎಂತಕ್ಕೆ ಆಗೂದಿಲ್ಲ ಹೇಳಿ ಇದ್ರಲ್ಲಿ ಬರ್ದೇ ಇಲ್ವಲ್ಲ ಸರ್ರೇ?" ಅಂದರು. ಕಾಗದ ತಿರುಗಿಸಿ ನೋಡಿದೆ. ನಿಜ, ಬರೆದಿರಲಿಲ್ಲ. ನನ್ನ ತಖ್ತೆಯಲ್ಲೂ ಕಾರಣಕ್ಕೆ ಕಾಲಂ ಇರಲಿಲ್ಲ. ಅವರು "ತಿರಸ್ಕರಿಸಿದ್ದು: 1" ಆಗಿ ಮೇಲಕ್ಕೆ ಹೋದರು. ಷರಾದಲ್ಲಿ ನಾನು ಏನಾದರೂ ಬರೆಯಬಹುದಿತ್ತು. ಬರೆಯಲಿಲ್ಲ. ಬರೆದಿದ್ದರೆ ಮೇಲಿನವರು "ಇದೆಲ್ಲ ಯಾಕೆ" ಅನ್ನುತ್ತಿದ್ದರು.

ಹಾಗಾಗಿ ಜಿನೀವಾದಲ್ಲಿ ಯಾರಾದರೂ "ತಿರಸ್ಕರಿಸಲು ಕಾರಣವೇನು?" ಅಂತ ಕೇಳಿದರೆ ನಿಯೋಗದವರ ಕೈಯಲ್ಲಿ ಕಾಯ್ದೆಯ ಹೆಸರು ಬಿಟ್ಟರೆ ಇನ್ನೇನಿರುತ್ತದೆ? ಪಾಪ, ಅವರಿಗೂ ನಾವು ಕೊಟ್ಟಿದ್ದೇ ಅಷ್ಟು.

ನಿಮ್ಮಿಂದ ಆಗಬೇಕಾದದ್ದು ಎರಡು ಕೆಲಸ. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆ, 1993ರ 20ನೇ ಕಲಂ ನೋಡಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವರದಿಯನ್ನು ಸಂಸತ್ತಿನ ಮುಂದಿಡಬೇಕು, ಶಿಫಾರಸು ಒಪ್ಪದಿದ್ದರೆ ಕಾರಣ ಹೇಳಬೇಕು ಅಂತ ಅಲ್ಲಿದೆ. ಜಿನೀವಾದ ಸಮಿತಿ 2024ರ ಜುಲೈ ಕೊನೆಗೆ ಕೊಟ್ಟ ಅಭಿಪ್ರಾಯಗಳನ್ನೂ ಹೀಗೇ ಮುಂದಿಡಿ, ಒಪ್ಪದಿರುವುದಕ್ಕೆ ಕಾರಣ ಕೊಡಿ ಅಂತ ಲೋಕಸಭೆಯಲ್ಲಿ ಕೇಳಿ. ಪ್ರಶ್ನೆ ಬರೆಯುವಾಗ ಮಾತ್ರ "ಗಮನಕ್ಕೆ ಬಂದಿದೆಯೇ" ಅಂತ ಶುರು ಮಾಡಬೇಡಿ, ನನ್ನಂಥ ಯಾವನೋ "ಇಲ್ಲ" ಅಂತ ಬರೆದು ಕೈತೊಳೆದುಕೊಳ್ಳುತ್ತಾನೆ. ನೇರ "ಎಷ್ಟು, ಯಾಕೆ" ಅಂತಲೇ ಕೇಳಿ.

ಇನ್ನೊಂದು, ನಮ್ಮ ಜಿಲ್ಲೆಯ ತಖ್ತೆಗೆ ಕಾರಣದ ಕಾಲಂ ಸೇರಿಸಲು ಜಿಲ್ಲಾ ಮಟ್ಟದ ಸಭೆಯಲ್ಲಿ ಹೇಳಿ. ಇದಕ್ಕೆ ದೆಹಲಿ ಬೇಡ, ಸ್ಕೇಲು ಮತ್ತು ಪೆನ್ನು ಸಾಕು.

ಸಮಿತಿಯ ಅಭಿಪ್ರಾಯಗಳನ್ನು ನನಗೆ ತಿಳಿದಷ್ಟು ಕನ್ನಡಕ್ಕೆ ಬರೆಯುತ್ತಿದ್ದೇನೆ. ಅರ್ಧ ಆಗಿದೆ. ಮುಗಿದ ಮೇಲೆ ನಾನೇ ನಿಮ್ಮ ಕಚೇರಿಗೆ ತಂದು ಕೊಡುತ್ತೇನೆ. ಟಪ್ಪಾಲು ತೆಗೆದುಕೊಳ್ಳುವವರಿಗೆ ಸೀಲು ಹಾಕಿ ಸ್ವೀಕೃತಿ ಕೊಡಲು ಹೇಳಿಡಿ.

ಇತಿ,
ನಿವೃತ್ತ ಗುಮಾಸ್ತ, ಶಿರಸಿ